ಇಲ್ಲದ ಸ್ಟಾಪಿನಲ್ಲಿ ಇಳಿದವರು

"ಈ ಸುಣ್ಣದಗೂಡು ಅನ್ನೋ ಸ್ಟಾಪ್ ಎಲ್ಲಿ ಬರುತ್ತೆ?"

ಸಬ್ ಇನ್ಸ್‌ಪೆಕ್ಟರ್ ಪಂಕಜಾ ಪ್ಲಾಸ್ಟಿಕ್ ಚೀಲದೊಳಗಿದ್ದ ಮೊಬೈಲನ್ನು ಮೇಜಿನ ಮೇಲಿಟ್ಟು ಶೈಲಾಳ ಕಡೆಗೆ ತಳ್ಳಿದರು.

"ಎಲ್ಲೂ ಬರಲ್ಲ ಮೇಡಂ. ಅಂಥ ಸ್ಟಾಪೇ ಇಲ್ಲ."

"ಇಲ್ವಾ? ಮತ್ತೆ ಇದರೊಳಗೆ ಹೇಗೆ ಬಂತು?"

"ನಾನೇ ಹಾಕಿದ್ದು."

ಕೆಳಗಿನ ಹಿಟ್ಟಿನ ಮಿಲ್ಲು ಗರಗರ ತಿರುಗುತ್ತಿತ್ತು. ಬಸವೇಶ್ವರನಗರದ ಆ ಹಳೇ ಕಟ್ಟಡದ ಮೊದಲ ಮಹಡಿಯಲ್ಲಿ ಎರಡು ಕೋಣೆಯ ಆಫೀಸು. ಮಿಲ್ಲು ತಿರುಗಿದಾಗಲೆಲ್ಲ ನೆಲ ಸಣ್ಣಗೆ ನಡುಗುತ್ತಿತ್ತು.

ಆ ಮೊಬೈಲು ನಾಯಂಡಹಳ್ಳಿಯಲ್ಲಿ ಟೀ ಅಂಗಡಿ ಇಟ್ಟಿದ್ದ, ಶೈಲಾಳಿಗೂ ಪರಿಚಯವಿದ್ದ ಲಕ್ಷ್ಮೀಪತಿಯದು. ಮೊನ್ನೆ ಬುಧವಾರ ಬೆಳಿಗ್ಗೆ ಹೆಗ್ಗನಹಳ್ಳಿಯ ಆಚೆ, ಪಾಳುಬಿದ್ದ ಸುಣ್ಣದ ಗೂಡಿನ ಗುಂಡಿಯಲ್ಲಿ ಅವನ ಹೆಣ ಸಿಕ್ಕಿತ್ತು. ತಲೆಯ ಹಿಂಭಾಗ ಒಡೆದಿತ್ತು.

"ಬಿಡಿಸಿ ಹೇಳಿ," ಎಂದರು ಪಂಕಜಾ. "ನನಗೆ ಕಂಪ್ಯೂಟರ್ ಗೊತ್ತಿಲ್ಲ ಅಂದ್ಕೊಂಡು ಹೇಳಿ."

ಶೈಲಾ ಹೇಳಿದಳು. 'ಬಸ್‌ದಾರಿ' ಅವಳ ಎಂಟು ತಿಂಗಳ ಕೆಲಸ. ಎಲ್ಲಿಂದ, ಎಲ್ಲಿಗೆ ಎಂದು ಎರಡು ಹೆಸರು ಒತ್ತಿದರೆ ಸಾಕು, ಯಾವ ನಂಬರಿನ ಬಸ್ಸು ಹತ್ತಬೇಕು, ಎಲ್ಲಿ ಇಳಿದು ಬದಲಾಯಿಸಬೇಕು ಎಂದು ಮೊಬೈಲು ಹೇಳುತ್ತದೆ. ಇಂಟರ್‌ನೆಟ್ ಬೇಡ, ಸಿಗ್ನಲ್ಲೂ ಬೇಡ. ಊರಿನ ಎಲ್ಲ ಸ್ಟಾಪು, ಎಲ್ಲ ರೂಟು ಆ ಪುಟ್ಟ ಸೆಟ್ಟಿನೊಳಗೇ ಕೂತಿರುತ್ತವೆ. ಹೆಸರುಗಳನ್ನು ನಂಬರುಗಳಾಗಿ ಮಾಡಿ, ಆ ನಂಬರುಗಳನ್ನೂ ಕುಗ್ಗಿಸಿ, ಸಾಮಾನ್ಯ ಹ್ಯಾಂಡ್‌ಸೆಟ್ ತಾಳಿಕೊಳ್ಳುವಷ್ಟು ಜಾಗದಲ್ಲಿ ಇಡೀ ಬೆಂಗಳೂರನ್ನು ತುರುಕಿದ್ದಳು.

"ಹಾಗಾದ್ರೆ ಇದರಲ್ಲಿ ಯಾರು ಏನು ಹುಡುಕಿದ್ರು ಅಂತ ಫೋನ್ ಕಂಪನೀಗೂ ಗೊತ್ತಾಗಲ್ಲ?"

"ಗೊತ್ತಾಗಲ್ಲ. ಆ ಸೆಟ್ಟಲ್ಲಿ ಮಾತ್ರ ಉಳಿಯುತ್ತೆ. ಕೊನೇ ಹತ್ತು."

"ಕೊನೇದು ಇಲ್ಲಿದೆ ನೋಡಿ." ಪಂಕಜಾ ಚೀಲದ ಮೇಲಿಂದಲೇ ಗುಂಡಿ ಒತ್ತಿದರು. "ಮಂಗಳವಾರ, ನಾಲ್ಕು ಗಂಟೆ ಹತ್ತು ನಿಮಿಷ. ನಾಯಂಡಹಳ್ಳಿಯಿಂದ ಸುಣ್ಣದಗೂಡಿಗೆ. ಅಲ್ಲಿಗೆ ಹೋದ, ಸತ್ತ. ಈಗ ಹೇಳಿ, ಇಲ್ಲದ ಸ್ಟಾಪನ್ನ ಯಾಕೆ ಹಾಕಿದ್ರಿ?"

"ಕಳ್ಳರನ್ನ ಹಿಡಿಯೋಕೆ. ನಾವು ಊರೆಲ್ಲ ಅಲೆದು ಸೇರಿಸಿದ ಪಟ್ಟಿನ ಯಾರಾದ್ರೂ ಎತ್ಕೊಂಡು ತಮ್ಮ ಹೆಸರಲ್ಲಿ ಮಾರಿದ್ರೆ, ಸುಳ್ಳು ಸ್ಟಾಪೂ ಅದರ ಜೊತೆ ಹೋಗುತ್ತೆ. ಆಗ ನಮ್ದೇ ಅಂತ ತೋರಿಸ್ಬೋದು. ಪ್ರತಿ ಕಾಪಿಗೂ ಬೇರೆ ಬೇರೆ ಸುಳ್ಳು ಸ್ಟಾಪ್ ಇದೆ. ಯಾರ ಕಾಪಿಯಿಂದ ಹೋಯ್ತು ಅಂತ ಗೊತ್ತಾಗಲಿ ಅಂತ."

"ಎಷ್ಟು ಕಾಪಿ?"

"ಮೂರು. ಇನ್ನೂ ಮಾರಾಟಕ್ಕೆ ಬಿಟ್ಟಿಲ್ಲ. ನಂದೊಂದು. ಓನರ್ ವೆಂಕಟಗಿರಿ ಸಾರ್‌ದೊಂದು. ಇನ್ನೊಂದು ಮರಿಯಪ್ಪ ಅಂತ, ರಿಟೈರ್ಡ್ ಕಂಡಕ್ಟರ್. ಸ್ಟಾಪುಗಳನ್ನೆಲ್ಲ ಬರ್ಕೊಂಡು ಬರೋದು ಅವರೇ."

"ಸುಣ್ಣದಗೂಡು ಯಾರ ಕಾಪೀದು?"

ಶೈಲಾಳಿಗೆ ಗೊತ್ತಿತ್ತು. ಆ ಹೆಸರು ಕೇಳಿದ ಕ್ಷಣದಿಂದಲೇ ಗೊತ್ತಿತ್ತು.

ಆಗಲೇ ಕರೆಂಟು ಹೋಯಿತು. ಫ್ಯಾನು ನಿಧಾನವಾಯಿತು. ಕೆಳಗೆ ಮಿಲ್ಲು ನರಳಿ ನಿಂತುಹೋಯಿತು.

"ಸಿಸ್ಟಮ್ ನೋಡಿ ಹೇಳ್ಬೇಕು ಮೇಡಂ. ಕರೆಂಟ್ ಬಂದ್ಮೇಲೆ..."

ಪಂಕಜಾ ಅವಳ ಮುಖವನ್ನೇ ನೋಡಿದರು. ನಲವತ್ತರ ಆಸುಪಾಸಿನ, ಎಂದೂ ದನಿ ಏರಿಸದ ಹೆಂಗಸು. ಅದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು.

"ಆಯ್ತು. ಸಂಜೆ ಐದಕ್ಕೆ ಸ್ಟೇಷನ್ನಿಗೆ ಬಂದು ಹೇಳಿ." ಮೊಬೈಲು ಎತ್ತಿಕೊಂಡು ಬಾಗಿಲವರೆಗೆ ಹೋದವರು ತಿರುಗಿದರು. "ಅಂದ ಹಾಗೆ, ಹನುಮವ್ವ ಅನ್ನೋರು ನಿಮಗೆ ಏನಾಗ್ಬೇಕು?"

"ಚಿಕ್ಕಮ್ಮ."

"ನಾಯಂಡಹಳ್ಳಿ ಗೋಡೌನಲ್ಲಿ ಕೆಲಸಕ್ಕಿದ್ದು ಬೆಂಕೀಲಿ ತೀರ್ಕೊಂಡ್ರಲ್ಲ, ಅವರೇ?"

"ಹೌದು."

"ಬಾಗಿಲಿಗೆ ಹೊರಗಿಂದ ಬೀಗ ಹಾಕಿದ್ದನ್ನ ಕಣ್ಣಾರೆ ನೋಡಿದ್ದು ಲಕ್ಷ್ಮೀಪತಿ ಒಬ್ನೇ. ಬರೋ ಸೋಮವಾರ ಕೋರ್ಟಲ್ಲಿ ಸಾಕ್ಷಿ ಹೇಳ್ಬೇಕಿತ್ತು. ಮಾತು ತಿರುಗಿಸ್ತಾನೆ ಅಂತ ಸುದ್ದಿ ಇತ್ತು. ನಿಮ್ಮ ಕಿವಿಗೂ ಬಿದ್ದಿತ್ತಾ?"

"ಬಿದ್ದಿತ್ತು ಮೇಡಂ."

"ಸಿಟ್ಟು ಬಂದಿರುತ್ತೆ."

ಪಂಕಜಾ ತಲೆಯಾಡಿಸಿ ಮೆಟ್ಟಿಲಿಳಿದು ಹೋದರು.

*

ಮರಿಯಪ್ಪನವರ ಕಾಪಿ ಅದು.

ಮೂವತ್ತಮೂರು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದ ಕೈ ಅವರದು. ಹೆಗ್ಗನಹಳ್ಳಿಯ ಹಳೇ ಒಕ್ಕಲು ಮನೆತನ. ಹೊಲ ಹೋಗಿ ಸೈಟುಗಳಾದ ಮೇಲೂ ಊರು ಬಿಡದವರು. ಯಾವ ಸ್ಟಾಪಿನಿಂದ ಯಾವ ಸ್ಟಾಪಿಗೆ ಎಷ್ಟು ನಿಮಿಷ, ಯಾವ ತಿರುವಿನಲ್ಲಿ ಡ್ರೈವರ್ ನಿಲ್ಲಿಸುವುದಿಲ್ಲ, ಯಾವ ಬೋರ್ಡಿಗೂ ಜನರ ಬಾಯಲ್ಲಿನ ಹೆಸರಿಗೂ ಸಂಬಂಧವಿಲ್ಲ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಉದ್ದನೆ ನೋಟ್‌ಬುಕ್ಕಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದು ತರುತ್ತಿದ್ದರು. ಶೈಲಾ ಅದನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದಳು.

ಗಂಗಾವತಿ ಕಡೆಯಿಂದ ಬಂದ ಹುಡುಗಿಗೆ ಸುಂಕದಕಟ್ಟೆಯಲ್ಲಿ ರೂಮು ಹುಡುಕಿಕೊಟ್ಟವರು ಅವರೇ. ಬೆಂಕಿ ಬಿದ್ದ ದಿನ ಆಸ್ಪತ್ರೆಯ ಶವಾಗಾರದ ಮುಂದೆ ಅವಳ ಪಕ್ಕ ನಿಂತವರೂ ಅವರೇ. ಅವಳು ಊರಿನ ರೂಢಿಯಂತೆ ಅವರನ್ನು ಕಾಕಾ ಎನ್ನುತ್ತಿದ್ದಳು.

ಸುಣ್ಣದಗೂಡಿನ ಹೆಸರೂ ಅವರದೇ ಬಾಯಿಂದ ಬಂದದ್ದು. "ನಮ್ ತಾತ ಅಲ್ಲಿ ಸುಣ್ಣ ಸುಡ್ತಿದ್ರು ಕಣಮ್ಮ. ಹತ್ತೂರಿನೋರು ಗಾಡಿ ಕಟ್ಕೊಂಡು ಬರೋರು," ಎಂದು ಒಂದು ಮಧ್ಯಾಹ್ನ ಹೇಳಿದ್ದರು. ಅವರ ಕಾಪಿಗೆ ಒಂದು ಸುಳ್ಳು ಸ್ಟಾಪು ಬೇಕಾದಾಗ ಹೆಗ್ಗನಹಳ್ಳಿ ರೂಟಿನಲ್ಲಿ ಅದನ್ನೇ ಹಾಕಿದಳು. ಆದರೆ ಅದು ಸುಳ್ಳು ಎಂದು ಅವರಿಗೆ ಹೇಳಿರಲಿಲ್ಲ. ಹೇಳಿದರೆ ಬಲೆ ಬಲೆಯಾಗಿ ಉಳಿಯುವುದಿಲ್ಲವಲ್ಲ.

ಅವರ ಕಾಪಿ ಸತ್ತವನ ಮೊಬೈಲಿನಲ್ಲಿ. ಸತ್ತ ಜಾಗ ಅವರ ತಾತನ ಗೂಡಿನಲ್ಲಿ.

ಅವಳು ಅವರಿಗೆ ಫೋನು ಮಾಡಿದಳು.

"ಪೊಲೀಸ್ನೋರು ಬಂದಿದ್ರಾ?" ಎಂದರು ಮರಿಯಪ್ಪ.

ಅವಳು ಇನ್ನೂ ಏನೂ ಹೇಳಿರಲಿಲ್ಲ.

"ಬಂದಿದ್ರು ಕಾಕಾ. ನಿಮ್ಮ ಹತ್ರ ಒಂದು ಮಾತು ಕೇಳ್ಬೇಕು."

"ನಾನೂ ಕೇಳ್ಬೇಕು. ಫೋನಲ್ಲಿ ಬೇಡ. ಸುಂಕದಕಟ್ಟೆ ಕಡೆ ಬಸ್ ಹತ್ತು. ನಾನು ದಾರೀಲಿ ಹತ್ಕೋತೀನಿ. ಒಬ್ಳೇ ಬಾ."

*

ಹನ್ನೆರಡೂವರೆಯ ಬಿಸಿಲು. ಮಾಗಡಿ ರಸ್ತೆಯಲ್ಲಿ ಬಸ್ಸು ಲಾರಿಗಳ ಸಂದಿಯಲ್ಲಿ ತೆವಳುತ್ತಿತ್ತು. ಶೈಲಾ ಹೆಂಗಸರ ಸೀಟಿನಲ್ಲಿ ಕಿಟಕಿಯ ಸರಳು ಹಿಡಿದು ಕೂತಿದ್ದಳು. ಬ್ಯಾಗಿನಲ್ಲಿ ಫೋನಿತ್ತು, ಪಂಕಜಾರ ನಂಬರಿತ್ತು. ಒತ್ತಿಬಿಡಲೇ ಎಂದು ಮೂರು ಸಲ ಕೈ ಹಾಕಿ ಮೂರು ಸಲವೂ ಹಿಂದಕ್ಕೆಳೆದುಕೊಂಡಳು.

ಸುಂಕದಕಟ್ಟೆಯಲ್ಲಿ ಮರಿಯಪ್ಪ ಹತ್ತಿದರು. ಬಿಳಿ ಅಂಗಿ, ಖಾಕಿ ಪ್ಯಾಂಟು, ಹೆಗಲಿಗೆ ಬಟ್ಟೆಯ ಚೀಲ.

"ಏನ್ ಮರಿಯಣ್ಣ, ಡ್ಯೂಟಿ ಮುಗಿದ್ರೂ ಬಸ್ ಬಿಡಲ್ವಲ್ಲ ನೀವು!" ಎಂದು ಕಂಡಕ್ಟರ್ ನಕ್ಕ.

ಮರಿಯಪ್ಪ ನಗಲಿಲ್ಲ. ಶೈಲಾಳ ಸೀಟಿನ ಪಕ್ಕ ಬಂದು ಕಂಬ ಹಿಡಿದು ನಿಂತರು. ಅವರ ಕೈಯಲ್ಲಿ ನೋಟ್‌ಬುಕ್ಕು ಇರಲಿಲ್ಲ. ಎಂಟು ತಿಂಗಳಲ್ಲಿ ಒಂದು ದಿನವೂ ಅವರು ನೋಟ್‌ಬುಕ್ಕಿಲ್ಲದೆ ಬಸ್ಸು ಹತ್ತಿದ್ದನ್ನು ಅವಳು ಕಂಡಿರಲಿಲ್ಲ. ಸ್ಟಾಪು ಬಂದಾಗಲೆಲ್ಲ ತಮ್ಮಷ್ಟಕ್ಕೇ ಹೆಸರು ಹೇಳಿಕೊಳ್ಳುವ ಮನುಷ್ಯ, ಇವತ್ತು ತುಟಿ ಬಿಗಿದು ನಿಂತಿದ್ದರು.

"ಕಾಕಾ..."

"ಈಗ ಬೇಡ."

ಮುಖ್ಯ ರಸ್ತೆ ಬಿಟ್ಟು ಬಸ್ಸು ಒಳಗೆ ತಿರುಗಿತು. ಜನ ಇಳಿಯುತ್ತಾ ಹೋದರು. ಎರಡು ಸ್ಟಾಪು ದಾಟಿತು. ಮೂರನೆಯದು ಇನ್ನೂ ಬಂದಿರಲಿಲ್ಲ. ಮರಿಯಪ್ಪ ನಾಲಿಗೆ ಮಡಿಸಿ ಒಂದು ಸೀಟಿ ಹೊಡೆದರು. ಹಳೇ ಕಂಡಕ್ಟರನ ಸೀಟಿ. ಡ್ರೈವರನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

"ಇಳಿ," ಎಂದರು.

ಹೊರಗೆ ಸ್ಟಾಪಿರಲಿಲ್ಲ, ಬೋರ್ಡಿರಲಿಲ್ಲ. ಒಂದು ಬದಿಗೆ ಅರ್ಧ ಬಿದ್ದ ಕಾಂಪೌಂಡು ಗೋಡೆ, ಆಚೆ ಜಾಲಿ ಪೊದೆ. ಇನ್ನೊಂದು ಬದಿಗೆ ಬಾಗಿಲು ಮುಚ್ಚಿದ ಪವರ್‌ಲೂಮ್ ಶೆಡ್ಡು. ಜನರ ಸುಳಿವಿಲ್ಲ.

ಇಳಿಯಬೇಡ ಎಂದು ಒಳಜೀವ ಕೂಗಿಕೊಂಡಿತು. ಆದರೆ ಈ ಮನುಷ್ಯನ ಹೆಸರನ್ನು ಐದು ಗಂಟೆಗೆ ಪೊಲೀಸರಿಗೆ ಕೊಡಬೇಕು. ಅದಕ್ಕೆ ಮುಂಚೆ ಒಂದು ಸಲ ಅವರ ಬಾಯಿಂದ ಕೇಳದೆ ಕೊಟ್ಟರೆ, ಶವಾಗಾರದ ಮುಂದೆ ಅವರು ನಿಂತ ಆ ರಾತ್ರಿಗೆ ಏನು ಬೆಲೆ?

ಅವಳು ಇಳಿದಳು. ಬಸ್ಸು ಧೂಳೆಬ್ಬಿಸಿ ಹೊರಟುಹೋಯಿತು.

*

ಗೋಡೆಯ ಬಿರುಕಿನಿಂದ ಒಂದು ಕಾಲುದಾರಿ ಒಳಗೆ ಹೋಗುತ್ತಿತ್ತು. ಮರಿಯಪ್ಪ ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ಜಾಲಿಯ ಮುಳ್ಳು ಅವಳ ದುಪಟ್ಟವನ್ನು ಹಿಡಿದೆಳೆಯಿತು. ಬಿಡಿಸಿಕೊಳ್ಳುವಾಗ ಬಟ್ಟೆಯೇ ಹರಿಯಿತು.

ಗೂಡು ಎಂದರೆ ಅವಳು ದೊಡ್ಡದೇನೋ ಇರಬಹುದು ಎಂದುಕೊಂಡಿದ್ದಳು. ಸುಟ್ಟ ಇಟ್ಟಿಗೆಯ ಒಂದು ದುಂಡು ಗೋಡೆ, ಎದೆಯೆತ್ತರ. ನಡುವೆ ಬಾವಿಯಂಥ ಗುಂಡಿ. ಅಂಚಿನಲ್ಲಿ ಪೊಲೀಸರು ಸುರಿದು ಹೋದ ಸುಣ್ಣದ ಪುಡಿಯ ಗುರುತು. ಆ ಬಿಸಿಲಿನಲ್ಲೂ ಗುಂಡಿಯೊಳಗೆ ಕತ್ತಲಿತ್ತು.

ಮರಿಯಪ್ಪ ಅಂಚಿನಲ್ಲಿ ನಿಂತು ತಿರುಗಿದರು. "ಹತ್ರ ಬಾ."

ಅವಳು ಕದಲಲಿಲ್ಲ. ಭಯವಾದಾಗ ಅವಳ ಬಾಯಿಗೆ ಊರ ಮಾತೇ ಬರುತ್ತಿತ್ತು. "ಇಲ್ಲಿಗ್ಯಾಕ ಕರಕೊಂಡ್ ಬಂದ್ರಿ ಕಾಕಾ? ನಾ ಇಲ್ಲೇ ನಿಂದರ್ತೀನಿ. ಅಲ್ಲಿಂದನ ಹೇಳ್ರಿ."

"ನನ್ ಕಂಡ್ರೆ ಭಯಾನಾ?"

"ಹೌದ್ರಿ."

ಅವರ ಮುಖ ಬಾಡಿತು. ಚೀಲದೊಳಗೆ ಕೈ ಹಾಕಿದರು.

ಶೈಲಾ ಎರಡು ಹೆಜ್ಜೆ ಹಿಂದೆ ಸರಿದಳು. ಬೆನ್ನಿಗೆ ಮುಳ್ಳು ಚುಚ್ಚಿತು. ಓಡಬೇಕೆಂದರೆ ದಾರಿ ಒಂದೇ, ಅದೂ ಬಾಗಿ ನುಸುಳುವ ದಾರಿ. ಕೂಗಿದರೆ ಕೇಳುವವರಿಲ್ಲ. ಚೀಲದಿಂದ ಕೈ ಹೊರಗೆ ಬರುವಷ್ಟರಲ್ಲಿ ಅವಳ ಕಣ್ಣ ಮುಂದೆ ಅವ್ವ ಬಂದಳು, ಸುಟ್ಟು ಕರಕಾದ ಚಿಕ್ಕಮ್ಮನ ಕೈಬಳೆ ಬಂತು.

ಹೊರಗೆ ಬಂದದ್ದು ಚಾಕುವಲ್ಲ, ಕಲ್ಲಲ್ಲ. ಕರವಸ್ತ್ರದಲ್ಲಿ ಸುತ್ತಿದ ಸಣ್ಣದೊಂದು ವಸ್ತು. ಮರಿಯಪ್ಪ ಅದನ್ನು ಬಿಡಿಸಿ ಅಂಗೈ ಮೇಲಿಟ್ಟು ಅವಳ ಕಡೆ ಚಾಚಿದರು.

ಬಸ್ ಪಾಸು. ಪ್ಲಾಸ್ಟಿಕ್ ಕವರಿನೊಳಗೆ ಅವಳದೇ ಫೋಟೋ, ಅವಳದೇ ಹೆಸರು.

"ಬುಧವಾರ ಬೆಳಿಗ್ಗೆ ಹೆಣ ಐತೆ ಅಂತ ಗುಲ್ಲೆದ್ದಾಗ ಊರ್‌ನೋರ ಜತೆ ನಾನೂ ಬಂದೆ. ಪೊಲೀಸ್ನೋರು ಇನ್ನೂ ಬಂದಿರ್ಲಿಲ್ಲ. ಇದು ಇಲ್ಲಿ, ಈ ಇಟ್ಟಿಗೆ ಸಂದೀಲಿ ಬಿದ್ದಿತ್ತು. ಯಾರೂ ನೋಡೋಕ್ ಮುಂಚೆ ಕಾಲಡಿ ಹಾಕ್ಕೊಂಡು ಎತ್ಕೊಂಡೆ." ಅವರ ದನಿ ಒಡೆಯಿತು. "ಮೂರು ದಿನದಿಂದ ಅನ್ನ ಇಳೀತಿಲ್ಲ ಕಣಮ್ಮ. ಇಲ್ಲೇ, ಈ ಜಾಗದಲ್ಲೇ ನಿಂತ್ಕೊಂಡು ಹೇಳು. ನೀನೇನಾ?"

ಶೈಲಾ ಪಾಸಿನಿಂದ ಕಣ್ಣೆತ್ತಿ ಅವರ ಮುಖ ನೋಡಿದಳು.

ಇವರು ತನ್ನನ್ನು ಕೊಲ್ಲಲು ಕರೆತಂದಿರಲಿಲ್ಲ. ಕೊಂದವಳು ತಾನೇ ಎಂದು ನಂಬಿ, ಒಬ್ಬರೇ ಆ ನಂಬಿಕೆಯನ್ನು ಹೊತ್ತು ಮೂರು ದಿನ ಕಳೆದಿದ್ದರು.

"ನಾ ಅಲ್ರಿ ಕಾಕಾ! ನಾ ಈ ಜಾಗ ನೋಡಿದ್ದ ಇವತ್ತ ಮೊದಲು. ಪಾಸು ಸೋಮವಾರನ ಕಳದಿತ್ತು. ಬಸ್ಸಿನ್ಯಾಗ ಬಿದ್ದಿರಬೇಕು ಅಂದ್ಕೊಂಡಿದ್ದೆ."

"ಹಾಗಾದ್ರೆ ಅವನಿಗ್ಯಾಕೆ ಫೋನ್ ಮಾಡ್ದೆ?"

"ಯಾರಿಗೆ?"

"ಲಕ್ಷ್ಮೀಪತಿಗೆ."

"ನಾ ಮಾಡಿಲ್ರಿ."

ಮರಿಯಪ್ಪ ಇಟ್ಟಿಗೆ ಗೋಡೆಯ ಮೇಲೆ ಮೆಲ್ಲಗೆ ಕೂತರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅವಳನ್ನು ದಿಟ್ಟಿಸಿದರು. ಟಿಕೆಟ್ ತೆಗೆದುಕೊಂಡಿದ್ದೇನೆ ಎಂದು ಸುಳ್ಳು ಹೇಳುವ ಪ್ರಯಾಣಿಕನನ್ನು ನೋಡುವ ನೋಟ.

"ಮಂಗಳವಾರ ನಾನು ನಾಯಂಡಹಳ್ಳೀಲೇ ಇದ್ದೆ," ಎಂದರು. "ಅಲ್ಲಿಂದ ಕೆಂಗೇರಿಗೆ ಎಷ್ಟು ನಿಮಿಷ ಅಂತ ಗಡಿಯಾರ ಹಿಡ್ಕೊಂಡು ಎರಡು ಸಲ ಹೋಗ್ ಬಂದು, ಅವನ ಅಂಗಡೀಲಿ ಟೀ ಕುಡೀತಾ ಬೆಂಚಿನ ಮೇಲೆ ಕೂತಿದ್ದೆ. ಅವನಿಗೆ ಫೋನ್ ಬಂತು. ಅವನ ಸೆಟ್ಟು ಗೊತ್ತಲ್ಲ, ಪಕ್ಕದೋರಿಗೆಲ್ಲ ಕೇಳ್ಸುತ್ತೆ. ಹೆಣ್ಣು ದನಿ. ನಿಮ್ಮೂರ ಕಡೆ ಮಾತು. 'ನಾ ಶೈಲಾ ಮಾತಾಡಾಕತ್ತೀನ್ರಿ, ಹನುಮವ್ವನ ಅಕ್ಕನ ಮಗಳು' ಅಂತು."

ಉರಿಬಿಸಿಲಿನಲ್ಲೂ ಶೈಲಾಳ ತೋಳಿನ ಕೂದಲು ನಿಂತವು.

"ಆಮ್ಯಾಲ?"

"ಸೋಮವಾರಕ್ಕೆ ಮುಂಚೆ ನಿಮ್ ಹತ್ರ ಮಾತಾಡ್ಬೇಕು, ಯಾರಿಗೂ ಹೇಳ್ಬೇಡಿ, ಸಂಜೆ ಸುಣ್ಣದಗೂಡಿನ ಹತ್ರ ಬನ್ನಿ ಅಂತು. ಅವನು ನನ್ ಮುಖ ನೋಡ್ದ. ಎಲ್ಲಣ್ಣ ಅದು ಅಂದ. ನಾನು..." ಮರಿಯಪ್ಪ ಕರವಸ್ತ್ರದಿಂದ ಕಣ್ಣು ಒತ್ತಿಕೊಂಡರು. "ನಾನು ನಗ್ತಾ ಅಂದೆ, ಅಯ್ಯೋ, ನಮ್ ತಾತನ ಜಾಗ ಕಣಯ್ಯ, ನಿನ್ ಮೊಬೈಲಲ್ಲೇ ಐತೆ, ಒತ್ತಿ ನೋಡು. ಬ್ಲೂಟೂತಲ್ಲಿ ನಾನೇ ಹಾಕ್ಕೊಟ್ಟಿದ್ದೆ ಅವನಿಗೆ. ಅವನಿಗೊಬ್ಬನಿಗಲ್ಲ. ಸಿಕ್ಕಸಿಕ್ಕೋರಿಗೆಲ್ಲ ತೋರಿಸ್ತಿದ್ದೆ. ನಮ್ ಶೈಲಮ್ಮ ನನ್ ಮೇಲಿನ ಪ್ರೀತಿಗೆ ತಾತನ ಗೂಡನ್ನೂ ಒಂದು ಸ್ಟಾಪ್ ಮಾಡವಳೆ ಅಂತ."

ಅದು ಪ್ರೀತಿಗೆ ಹಾಕಿದ್ದಲ್ಲ, ಬಲೆಗೆ ಹಾಕಿದ್ದು ಎಂದು ಹೇಳಲು ಬಾಯಿ ಬರಲಿಲ್ಲ.

"ನೀನು ಕರೀತಿದೀಯಾ ಅಂತ ನಂಬಿ ನಾನೇ ಅವನನ್ನ ಬಸ್ ಹತ್ತಿಸ್ದೆ," ಎಂದರು ಮರಿಯಪ್ಪ. "ಬೆಳಿಗ್ಗೆ ಬಂದ್ರೆ ಅವನು ಗುಂಡಿ ಒಳಗೆ. ನಿನ್ ಪಾಸು ಇಟ್ಟಿಗೆ ಸಂದೀಲಿ. ನಾನೇನ್ ಅಂದ್ಕೋಬೇಕು?"

"ಆ ದನಿ ನಂದ ಇತ್ತೇನ್ರಿ? ನೆಪ್ಪು ಮಾಡ್ಕೊಂಡು ಹೇಳ್ರಿ. ದಿನಾ ನನ್ನ ಕೂಡ ಮಾತಾಡ್ತೀರಲ್ಲ."

ಮರಿಯಪ್ಪ ಕಣ್ಣು ಮುಚ್ಚಿದರು. ಪೊದೆಯಲ್ಲಿ ಯಾವುದೋ ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು.

"ಧಾಟಿ ನಿಂದೇ," ಎಂದರು ಕೊನೆಗೆ. "ದನಿ... ಫೋನಲ್ಲಿ ಹೇಗೆ ಹೇಳ್ಲಿ? ಆದ್ರೆ ಒಂದು. ನೀನು ನನ್ನ ಕಾಕಾ ಅಂತೀಯ. ಅವನಿಗೆ ಯಾವತ್ತೂ ಅಣ್ಣಾರ ಅಂತಿದ್ದೆ. ಆ ಹೆಂಗಸು ಅವನನ್ನ ಸಾವ್ಕಾರ್ರ ಅಂತು."

"ನಾ ಅವರನ್ನ ಒಂದಿನನೂ ಹಂಗ ಕರೆದಿಲ್ಲ."

"ಕರೆದಿಲ್ಲ," ಎಂದರು ಮರಿಯಪ್ಪ. ಅವರ ಭುಜ ಇಳಿಯಿತು. ಮೂರು ದಿನ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟವರಂತೆ ಕಂಡರು. "ಅಷ್ಟು ಯೋಚ್ನೇನೇ ಬರ್ಲಿಲ್ಲ ನನ್ ಹಾಳು ತಲೆಗೆ."

ಶೈಲಾ ಹತ್ತು ಹೆಜ್ಜೆ ದಾಟಿ ಹೋಗಿ ಅವರ ಪಕ್ಕ ಕೂತಳು. ಭಯ ಹೋಗಿರಲಿಲ್ಲ, ಅದರ ಮುಖ ಮಾತ್ರ ಬದಲಾಗಿತ್ತು. ಇಷ್ಟು ಹೊತ್ತು ಅದಕ್ಕೆ ಮರಿಯಪ್ಪನ ಮುಖವಿತ್ತು. ಈಗ ಅದಕ್ಕೆ ಮುಖವೇ ಇರಲಿಲ್ಲ. ಎಲ್ಲೋ ಒಬ್ಬ ಹೆಂಗಸು ತನ್ನ ಊರಿನ ಮಾತಾಡುತ್ತಾಳೆ. ತನ್ನ ಚಿಕ್ಕಮ್ಮನ ಹೆಸರು ಬಲ್ಲಳು. ತನ್ನ ಬ್ಯಾಗಿಗೆ ಕೈ ಹಾಕುವಷ್ಟು ಹತ್ತಿರ ಬಂದು ಹೋಗಿದ್ದಾಳೆ.

"ನಡೀರಿ ಕಾಕಾ. ಇದನ್ನ ಇದ್ದಂಗ ಇನ್ಸ್‌ಪೆಕ್ಟರ್‌ಗೆ ಹೇಳೂಣು."

"ಪಾಸು?"

"ಅದನ್ನೂ ಹೇಳೂಣು."

"ಹುಚ್ಚಿ! ಪಾಸ್ ಕೊಟ್ರೆ ನಿನ್ನೇ ಒಳಗ್ ಹಾಕ್ತಾರೆ. ಫೋನಲ್ಲಿ ಬೇರೆ ಯಾರೋ ಮಾತಾಡಿದ್ರು ಅಂತ ಈ ಮುದುಕನ ಮಾತು ಯಾರು ನಂಬ್ತಾರೆ? ಸುಟ್ಟಾಕ್ತೀನಿ ಇದನ್ನ."

"ಬ್ಯಾಡ್ರಿ. ಬಚ್ಚಿಟ್ಟಷ್ಟೂ..."

ಕಾಂಪೌಂಡಿನ ಆಚೆ ಜೀಪಿನ ಬಾಗಿಲು ದಡಾರನೆ ಮುಚ್ಚಿದ ಸದ್ದು ಕೇಳಿತು.

*

ಪಂಕಜಾ ಗೋಡೆಯ ಬಿರುಕಿನಿಂದ ಬಾಗಿ ಒಳಗೆ ಬಂದರು. ಹಿಂದೆ ಇಬ್ಬರು ಕಾನ್ಸ್‌ಟೇಬಲ್‌ಗಳು. ಅವಸರವಿರಲಿಲ್ಲ. ಪ್ಯಾಂಟಿಗೆ ಅಂಟಿದ ಮುಳ್ಳು ಕಿತ್ತುಕೊಂಡು ಎಸೆದರು.

"ಸಂಜೆ ಐದರ ತನಕ ಕಾಯೋಕೆ ಮನಸ್ಸಾಗ್ಲಿಲ್ಲ," ಎಂದರು. "ನೀವು ಆಫೀಸ್ ಬಿಟ್ಟಾಗಿಂದ ಹಿಂದೇನೇ ಇದೀವಿ."

ಶೈಲಾ ಎದ್ದು ನಿಂತಳು. ಸಂಜೆಯವರೆಗೆ ತನಗೆ ಸಮಯ ಕೊಟ್ಟದ್ದು ನಂಬಿಕೆಯಿಂದಲ್ಲ. ತಾನು ಎಲ್ಲಿಗೆ ಓಡುತ್ತೇನೆ ಎಂದು ನೋಡಲು. ತಾನು ಓಡಿ ಬಂದದ್ದು ನೇರ ಹೆಣ ಬಿದ್ದ ಜಾಗಕ್ಕೆ.

"ಇಂಥ ಸ್ಟಾಪೇ ಇಲ್ಲ ಅಂದಿದ್ರಿ. ಸರಿಯಾಗಿ ಇಳಿದಿದೀರಲ್ಲ?"

"ನನ್ನನ್ನ ಇವರು..." ಎಂದು ಶುರುಮಾಡಿ ಶೈಲಾ ನಿಲ್ಲಿಸಿದಳು.

"ಆಯ್ತು, ಅದು ಬಿಡಿ. ಬೇರೆ ಕೇಳ್ತೀನಿ." ಪಂಕಜಾ ಜೇಬಿನಿಂದ ಮಡಿಸಿದ ಕಾಗದ ತೆಗೆದರು. "ಲಕ್ಷ್ಮೀಪತಿ ಫೋನಿಗೆ ಬಂದ ಕಾಲ್‌ಗಳ ಪಟ್ಟಿ ಈಗ ಕೈಗೆ ಸಿಕ್ತು. ಮಂಗಳವಾರ ಮೂರು ಐವತ್ತಕ್ಕೆ ಒಂದು ಕಾಲ್ ಬಂದಿದೆ. ಅದಾಗಿ ಇಪ್ಪತ್ತು ನಿಮಿಷಕ್ಕೆ ಅವನು ಈ ಜಾಗ ಹುಡುಕಿದಾನೆ. ಕಾಲ್ ಬಂದಿರೋದು ನಿಮ್ಮ ಆಫೀಸಿನ ಲ್ಯಾಂಡ್‌ಲೈನಿಂದ."

ಓನರ್ ವೆಂಕಟಗಿರಿ ಮಂಗಳವಾರ ಬೆಳಿಗ್ಗೆಯೇ ಮೈಸೂರಿಗೆ ಹೋಗಿದ್ದರು. ಮರಿಯಪ್ಪ ನಾಯಂಡಹಳ್ಳಿಯಲ್ಲಿದ್ದರು.

"ಆಗ ಆಫೀಸಲ್ಲಿ ಇದ್ದದ್ದು ಯಾರು?"

"ನಾನೊಬ್ಳೇ. ಆದ್ರೆ ಆ ಹೊತ್ತಿಗೆ ಇರ್ಲಿಲ್ಲ ಮೇಡಂ. ಫೋಟೋ ತೆಗೆಸೋಕೆ ಸ್ಟುಡಿಯೋಗೆ ಹೋಗಿದ್ದೆ. ಬಾಗ್ಲು ಎಳ್ಕೊಂಡು ಹೋಗಿದ್ದೆ, ಬೀಗ ಹಾಕಿರ್ಲಿಲ್ಲ."

"ಫೋಟೋನಾ? ಯಾತಕ್ಕೆ?"

ಶೈಲಾ ಪಕ್ಕಕ್ಕೆ ನೋಡಿದಳು. ಹೊಸ ಬಸ್ ಪಾಸಿಗೆ. ಹಳೇ ಪಾಸು ಕಳೆದಿತ್ತಲ್ಲ, ಅದಕ್ಕೆ. ಆ ಹಳೇ ಪಾಸು ಎಲ್ಲಿ ಎಂಬುದು ಮುಂದಿನ ಪ್ರಶ್ನೆ. ಪಕ್ಕದಲ್ಲಿ ನಿಂತ ಮುದುಕನ ಮುಷ್ಟಿಯೊಳಗೆ ಕರವಸ್ತ್ರ ಉಂಡೆಯಾಗಿತ್ತು, ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು.

"ಹೇಳಿ," ಎಂದರು ಪಂಕಜಾ. "ಯಾತಕ್ಕೆ ಫೋಟೋ?"

"ಮೇಡಂ," ಎಂದರು ಮರಿಯಪ್ಪ.

ಎಲ್ಲರೂ ಅವರ ಕಡೆ ತಿರುಗಿದರು. ಅವರು ಅಂಗಿಯ ಕಾಲರು ಸರಿಮಾಡಿಕೊಂಡು ನೆಟ್ಟಗೆ ನಿಂತರು.

"ಆ ಮಗೀನ ಬಿಟ್ಬಿಡಿ. ಫೋನ್ ಮಾಡಿಸಿದ್ದು ನಾನು. ಅವನನ್ನ ಇಲ್ಲಿಗೆ ಕಳಿಸಿದ್ದೂ ನಾನೇ."

"ಕಾಕಾ!"

"ನೀನು ಸುಮ್ನಿರು. ಇದು ನಮ್ ಜಾಗ ಮೇಡಂ, ಬೇಕಾದ್ರೆ ಪಹಣಿ ತೆಗೆಸಿ ನೋಡಿ. ಆ ಸಾಫ್ಟ್‌ವೇರ್ ಅವನ ಮೊಬೈಲಿಗೆ ಹಾಕಿದ್ದು ನಾನು. ಬಸ್ ಹತ್ತಿಸಿದ್ದು ನಾನು. ಟೀ ಅಂಗಡಿ ಪಕ್ಕದೋರು ನೋಡವ್ರೆ, ಕೇಳಿ. ಆ 'ಸಾವ್ಕಾರ್ರ' ಅಂದ ಹೆಂಗಸಿಗೆ ಏನ್ ಮಾತಾಡ್ಬೇಕು ಅಂತ ಹೇಳ್ಕೊಟ್ಟಿದ್ದೂ ನಾನೇ."

"ಯಾವ ಹೆಂಗಸು?"

ಮರಿಯಪ್ಪ ಗುಂಡಿಯ ಕಡೆ ಮುಖ ತಿರುಗಿಸಿದರು. ಕಾನ್ಸ್‌ಟೇಬಲ್ ಮುಂದೆ ಬಂದು ಅವರ ತೋಳು ಹಿಡಿದ. ಅವರು ಬಿಡಿಸಿಕೊಳ್ಳಲಿಲ್ಲ. ಮುಷ್ಟಿಯನ್ನು ಮಾತ್ರ ಚೀಲದೊಳಕ್ಕೆ ಇಳಿಸಿದರು.

ಶೈಲಾ ಅವರ ಮುಖ ನೋಡಿದಳು. ಈಗ ಹೇಳಿದ್ದು ತನ್ನನ್ನು ಉಳಿಸಲು ಕಟ್ಟಿದ ಸುಳ್ಳು. ಸುಳ್ಳೇ ಇರಬೇಕು. ಆದರೆ ಆ ಹೆಂಗಸಿನ ದನಿಯನ್ನು ಕೇಳಿದವರು ಲೋಕದಲ್ಲಿ ಇಬ್ಬರೇ. ಒಬ್ಬ ಸತ್ತಿದ್ದಾನೆ. ಇನ್ನೊಬ್ಬರು ಇವರು. ಹತ್ತು ನಿಮಿಷದ ಕೆಳಗೆ ಬೆಂಚಿನ ಕಥೆ ಹೇಳಿದಾಗ ಅವರ ಕಣ್ಣಲ್ಲಿ ನೀರಿತ್ತು. ಈಗ ಆ ಕಣ್ಣು ಒಣಗಿತ್ತು, ಮತ್ತು ಅವಳ ಕಡೆ ಒಮ್ಮೆಯೂ ತಿರುಗುತ್ತಿರಲಿಲ್ಲ. ಯಾವುದು ನಿಜ?

ಪಂಕಜಾ ಕಾಗದ ಮಡಿಸಿ ಜೇಬಿಗಿಟ್ಟು ಅವಳ ಎದುರಿಗೆ ಬಂದು ನಿಂತರು.

"ನೀವು ಇವರನ್ನ ನನಗಿಂತ ಚೆನ್ನಾಗಿ ಬಲ್ಲಿರಿ. ಒಂದೇ ಮಾತಲ್ಲಿ ಹೇಳಿ. ಇವರು ಹೇಳಿದ್ದು ನಿಜಾನಾ, ಸುಳ್ಳಾ?"

ಹೊರಗೆ ಡ್ರೈವರ್ ಜೀಪು ಸ್ಟಾರ್ಟ್ ಮಾಡಿದ. ಅದರಲ್ಲಿ ಹಿಂದಿನ ಸೀಟು ಖಾಲಿ ಇತ್ತು. ಶೈಲಾ ಯಾವ ಉತ್ತರ ಕೊಟ್ಟರೂ ಇಬ್ಬರಲ್ಲಿ ಒಬ್ಬರು ಅದನ್ನು ಹತ್ತಲೇಬೇಕಿತ್ತು.